ಕಣಕ್ಕಿಳಿದ ಚಪ್ಪಲಿ

ಮೊನ್ನೆ ಬೆಳಿಗ್ಗೆ ನಮ್ಮಕ್ಕ ಹೊಸ ಚಪ್ಪಲಿಯ ಅಡಿಯನ್ನು ತನ್ನ ಸೆರಗಿನಿಂದ ಒರೆಸಿದಳು. ಹೌದು, ಅಡಿಯನ್ನೇ. ಆಮೇಲೆ ಅದನ್ನು ಕಾಲಿಗೆ ಸಿಕ್ಕಿಸಿಕೊಂಡು, ಕಾಫಿ ಒಣಹಾಕಿದ ಕಣಕ್ಕೆ ಇಳಿದಳು.

ನಮ್ಮ ಮನೆತನದ ಇತಿಹಾಸ ಬರೆಯುವ ಪುಣ್ಯಾತ್ಮ ಮುಂದೆಂದಾದರೂ ಹುಟ್ಟಿದರೆ (ಸಾಧ್ಯತೆ ಕಡಿಮೆ), ಈ ಘಟನೆಗೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕು. ಸೋಮವಾರಪೇಟೆ ಕಡೆಯ ನಮ್ಮ ಪುಟ್ಟ ತೋಟದಲ್ಲಿ ಕಣವೆಂದರೆ ದೇವರ ಕೋಣೆಗಿಂತ ಅರ್ಧ ಮೆಟ್ಟಿಲು ಮಾತ್ರ ಕೆಳಗೆ. ಚಪ್ಪಲಿ ಹಾಕಿಕೊಂಡು ಅಲ್ಲಿಗೆ ಯಾರೂ ಇಳಿಯುವಂತಿಲ್ಲ. ಒಮ್ಮೆ ಬ್ಯಾಂಕ್ ಮ್ಯಾನೇಜರೇ ಶೂ ಬಿಚ್ಚಿದ್ದಾರೆ. (ಸಾಕ್ಸ್ ತೂತಾಗಿತ್ತು. ಇರಲಿ.)

ಕಣದ ಕೆಲಸ ಕೈಯದಲ್ಲ, ಕಾಲಿನದು. ಹರಡಿದ ಹಣ್ಣಿನ ನಡುವೆ ಪಾದ ಎಳೆಯುತ್ತಾ ನಡೆಯಬೇಕು. ಉತ್ತ ಹೊಲದ ಹಾಗೆ ಸಾಲು ಬೀಳುತ್ತದೆ, ಕೆಳಗಿನ ಹಣ್ಣು ಮೇಲೆ ಬಂದು ಬಿಸಿಲು ಕಾಣುತ್ತದೆ. ಬೂಟು ತುಳಿದರೆ ಹಣ್ಣು ಪಚಕ್. ಬರಿಗಾಲಾದರೆ ಬೆರಳ ಸಂದಿಯಲ್ಲಿ ಜಾರಿ ಬದುಕಿಕೊಳ್ಳುತ್ತದೆ.

ನನಗೆ ಬುದ್ಧಿ ಬಂದಾಗಿನಿಂದ ಈ ಕಣಕ್ಕೆ ಅಕ್ಕನೇ ಒಡತಿ. ತೋಟಕ್ಕೆ ಯಜಮಾನ ನಾನಿರಬಹುದು; ಕಣದ ಮಟ್ಟಿಗೆ, ಮೋಡ ಕಂಡಾಗ ಟಾರ್ಪಾಲ್ ಎಳೆಯುವ ಅಸಿಸ್ಟೆಂಟ್.

ನಾವಿಬ್ಬರೂ ಬರಿಗಾಲಿನ ಪಕ್ಷದವರು. ಕಾಲಿಗೆ ಮಣ್ಣು ತಾಗದವನು ಮನುಷ್ಯನೇ ಅಲ್ಲ ಎಂದು ಇದೇ ಅಂಕಣದಲ್ಲಿ ಗುಡುಗಿದವನು ನಾನು. ಪಕ್ಕದ ಹೋಂಸ್ಟೇಯವರು ಪೇಟೆಯ ಜನರಿಂದ ದುಡ್ಡು ಇಸಿದುಕೊಂಡು ಅವರನ್ನು ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಸುತ್ತಾರೆ. ನಾವು ಅದನ್ನೇ ಜೀವಮಾನವಿಡೀ ಫ್ರೀಯಾಗಿ ಮಾಡಿದ್ದೇವೆ. ಹೆಮ್ಮೆ ಬೇಡವೇ?

ಈ ಸಲ ಅರೇಬಿಕಾ ಕೊಯ್ಲಿನ ಹೊತ್ತಿಗೆ ಬಿಸಿಲು ಜೋರು. ಮಧ್ಯಾಹ್ನದ ಸಿಮೆಂಟ್ ಕಣವೆಂದರೆ ದೋಸೆ ಕಾವಲಿ. ಪಕ್ಕದ ಎಸ್ಟೇಟಿನ ಕೂಲಿ ಲೈನಿನ ಮನೆಯಿಂದ ನಮ್ಮಲ್ಲಿಗೆ ಹಣ್ಣು ಪಿಕ್ಕಿಂಗಿಗೆ ಬರುವ ಸೆಲ್ವಿ, ಒಂದು ಕಾಲು ಇಟ್ಟವಳೇ ಹಿಂದಕ್ಕೆ ಹಾರಿದಳು. ಅಕ್ಕ ಮಾತ್ರ ಮದುವೆ ಮನೆಯ ಯಜಮಾನಿಯ ಗತ್ತಿನಲ್ಲಿ ಆ ತುದಿಯಿಂದ ಈ ತುದಿಗೆ ಸಾಲು ಎಳೆಯುತ್ತಿದ್ದಳು. ಈಗಿನವರ ಕಾಲು ಬೆಣ್ಣೆಯದು ಎಂದು ಟೀಕೆ ಬೇರೆ. ಸೆಲ್ವಿ ಕೈ ಮುಗಿದಳು. ನಾನು ಇದನ್ನೇ ತಪಸ್ಸು ಅನ್ನುವುದು ಎಂದು ಷರಾ ಬರೆದೆ.

ಸಂಜೆ ಜಗಲಿಯ ಕೆಂಪು ನೆಲದ ಮೇಲೆ ಒದ್ದೆ ಹೆಜ್ಜೆಗಳು. ಯಾರು ನೀರು ಚೆಲ್ಲಿದ್ದು ಎಂದು ಅಕ್ಕ ಗದರಿದಳು. ಸೆಲ್ವಿ ಬಗ್ಗಿ ನೋಡಿ, "ನೀರಲ್ಲಕ್ಕಾ, ನಿಮ್ಮ ಕಾಲು" ಎಂದಳು. ಅಂಗಾಲಿನ ತುಂಬ ಎದ್ದಿದ್ದ ಬೊಬ್ಬೆ ಒಡೆದಿತ್ತು. ಅಕ್ಕನಿಗೆ ಗೊತ್ತೇ ಇಲ್ಲ. ನೋವಿಲ್ಲ ಬಿಡು ಎಂದು ಅರಿಶಿನ ಮೆತ್ತಿಕೊಂಡಳು. ನೋವಿಲ್ಲವಲ್ಲ ಎಂದು ನಾವೂ ಸಮಾಧಾನಪಟ್ಟೆವು. ಬರಿಗಾಲಿನ ಪಕ್ಷದವರು ಮಾತ್ರ ಮಾಡಬಹುದಾದ ತಪ್ಪು ಅದು.

ಗಾಯ ಕೀವಾದಾಗ ಪೇಟೆಯ ಡಾಕ್ಟರ ಹತ್ತಿರ ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಣ್ಣದೊಂದು ದಾರ ಹಿಡಿದು, ಕಣ್ಣು ಮುಚ್ಚಿಕೊಳ್ಳಿ, ಅಂಗಾಲಿಗೆ ತಾಗಿದಾಗ ಹೇಳಿ ಎಂದರು. ಅಕ್ಕ ಕಣ್ಣು ಮುಚ್ಚಿ ಕಾದಳು. ಕೊನೆಗೆ ಬೇಜಾರಾಗಿ ಹೇಳಿದಳು:

"ಶುರು ಮಾಡಮ್ಮ, ಬಸ್ಸಿಗೆ ಹೊತ್ತಾಯ್ತದೆ."

"ಮುಗೀತು ಅಜ್ಜಿ" ಎಂದರು ಡಾಕ್ಟರು.

ಸಕ್ಕರೆ ಕಾಯಿಲೆ ಯಾವಾಗಲೋ ಅಂಗಾಲಿನ ಅರಿವನ್ನು ತಿಂದು ಮುಗಿಸಿತ್ತು. ಗಟ್ಟಿ ಕಾಲು ಎಂದು ನಾವು ಮೆರೆಸಿದ್ದು ಸತ್ತ ಕಾಲನ್ನು. ಹೀಗೇ ಇನ್ನೊಂದು ಗಾಯವಾದರೆ ಮೊದಲು ಬೆರಳು ಹೋಗಬಹುದು, ಆಮೇಲೆ ಪಾದ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಇನ್ನು ಮೇಲೆ ಮನೆಯೊಳಗೂ ಚಪ್ಪಲಿ.

ಅಡುಗೆಮನೆಯಲ್ಲಿ ಚಪ್ಪಲಿ ಎಂದರೆ ರಂಪವಾಗುತ್ತದೆ ಎಂದುಕೊಂಡಿದ್ದೆ. ಅಕ್ಕ ತಕರಾರಿಲ್ಲದೆ ಒಪ್ಪಿದಳು. ಕಣಕ್ಕೆ ಮಾತ್ರ ಸುತರಾಂ ಇಲ್ಲ. ಅನ್ನದ ತಪ್ಪಲೆಯೊಳಗೆ ಯಾರಾದರೂ ಮೆಟ್ಟು ಹಾಕ್ಕೊಂಡು ಇಳೀತಾರಾ ಎಂದು ಕೇಳಿದಳು.

ನಾನು ಬುದ್ಧಿವಂತ. ಹಾಗಾದರೆ ಕಣಕ್ಕೆ ಇಳಿಯಲೇಬೇಡ, ಜಗಲಿಯಲ್ಲಿ ಕುರ್ಚಿ ಹಾಕಿಸುತ್ತೇನೆ, ಕೂತು ಆರ್ಡರ್ ಮಾಡು ಎಂದೆ.

"ಕುರ್ಚಿ ಮೇಲೆ ಕೂರೋಕೆ ಕಾಲು ಯಾಕೋ ಉಳಿಸ್ಕೋಬೇಕು?" ಎಂದಳು ಅಕ್ಕ.

ಗಾಯ ಮಾಯುವವರೆಗೂ ಅವಳು ಕಣದ ಕಡೆಗೆ ಬೆನ್ನು ಹಾಕಿಯೇ ಕೂತಳು.

ಅರೇಬಿಕಾ ಮುಗಿದು ರೊಬಸ್ಟಾ ಕೊಯ್ಲು ಬರುವ ಹೊತ್ತಿಗೆ ಗಾಯ ಒಣಗಿತ್ತು. ಒಂದು ದಿನ ತಾನಾಗಿಯೇ ಚಪ್ಪಲಿ ಅಂಗಡಿಗೆ ಹೊರಟಳು. ಸಕ್ಕರೆ ಕಾಯಿಲೆಯವರ ಮೆತ್ತನೆಯ ಚಪ್ಪಲಿಗಳನ್ನು ಅಂಗಡಿಯವ ಸಾಲಾಗಿ ಇಟ್ಟ. ಅಕ್ಕ ಗಂಡು ನೋಡುವವಳ ಹಾಗೆ ಒಂದೊಂದನ್ನೂ ತಿರುಗಿಸಿ, ಅಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಚೀಲದಿಂದ ಒಂದು ಕಾಫಿ ಹಣ್ಣು ತೆಗೆದು ನೆಲದ ಮೇಲಿಟ್ಟು, ಅದರ ಮೇಲೆ ಚಪ್ಪಲಿ ಒತ್ತಿದಳು. ಒಡೆಯಿತು, ಬೇಡ. ಇನ್ನೊಂದು ಹಣ್ಣು, ಇನ್ನೊಂದು ಚಪ್ಪಲಿ. ಅಂಗಡಿಯ ನೆಲದಲ್ಲಿ ಒಂದು ಹಿಡಿ ರೊಬಸ್ಟಾ ಹುತಾತ್ಮವಾದ ಮೇಲೆ ಒಂದು ಜೊತೆ ಪಾಸಾಯಿತು.

"ಇದು ಇನ್ನೂ ಬೀದಿ ನೆಲ ಮೆಟ್ಟಿಲ್ಲ ತಾನೆ?" ಎಂದು ಖಾತ್ರಿ ಮಾಡಿಕೊಂಡಳು. ಅಂಗಡಿಯವ ಇಲ್ಲ ಅಂದಮೇಲೆ ಕಾನೂನು ಜಾರಿಯಾಯಿತು. ಓಡಾಟಕ್ಕೆ ಬೇರೆ ಚಪ್ಪಲಿ. ಈ ಜೊತೆ ಮಾತ್ರ ಕಣ ಬಿಟ್ಟು ಹೊರಗೆ ಬರಕೂಡದು, ಮಣ್ಣು ಮುಟ್ಟಕೂಡದು. ಹೊರಗಿನ ಕೊಳಕು ಕಂಡಿರದ ಚಪ್ಪಲಿಗೆ ಮೈಲಿಗೆ ಎಲ್ಲಿಂದ ಬರಬೇಕು? ಧರ್ಮಶಾಸ್ತ್ರ ಬಲ್ಲವರು ಉತ್ತರಿಸಲಿ.

ಹೀಗೆ ಮೊನ್ನೆ ಅಕ್ಕ ಕಣಕ್ಕೆ ಇಳಿದಳು. ಮೊದಲ ಸಾಲು ಸೊಟ್ಟ. ಎರಡನೆಯದು ಪರವಾಗಿಲ್ಲ. ಆಮೇಲೆ ಹಳೆಯ ಗತ್ತು ಬಂತು, ಸೆಲ್ವಿಗೆ ಬೈಗುಳವೂ ಶುರುವಾಯಿತು. ಬೈಸಿಕೊಂಡು ಅವಳು ಇಷ್ಟು ಖುಷಿಪಟ್ಟಿದ್ದನ್ನು ನಾನು ಕಂಡಿಲ್ಲ.

ಹೊತ್ತೇರಿತು. ಟಾರ್ಪಾಲ್ ಮಡಚಲು ನಾನು ಬರಿಗಾಲಲ್ಲಿ ಕಣಕ್ಕೆ ಕಾಲಿಟ್ಟು, ಈ ವಯಸ್ಸಿಗೆ ಶೋಭಿಸದ ರೀತಿಯಲ್ಲಿ ಕುಣಿದೆ. ಅಕ್ಕ ನಡಿಗೆ ನಿಲ್ಲಿಸಿ ನನ್ನ ಪಾದಗಳನ್ನೇ ನೋಡಿದಳು.

"ಸುಡ್ತದೇನೋ?"

"ಸುಡ್ತದೆ ಅಕ್ಕ."

"ಸದ್ಯ" ಎಂದು ಉಸಿರುಬಿಟ್ಟಳು. "ನಾಳೆ ಹೋಗಿ ನಿಂಗೂ ಒಂದು ಜೊತೆ ತಗಂಡು ಬಾ."

ಸುಡುತ್ತದೆ ಎಂಬ ದೂರನ್ನು ಇಷ್ಟು ನೆಮ್ಮದಿಯಿಂದ ಕೇಳಿಸಿಕೊಂಡವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?