ಒಡಕು ಗಂಟಲಿನ ಸೊಸೆ

ರೋಣದ ನಮ್ಮ ಶಾಲೆಯಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚಿದ ಕೂಡಲೇ ಹಿಂದಿನ ಸಂಜೆಯ ಧಾರಾವಾಹಿಯ ವಿಚಾರಣೆ ಶುರುವಾಗುತ್ತಿತ್ತು. ಏಳು ವರ್ಷದಿಂದ ಎಳೆಯುತ್ತಿರುವ ಕಥೆ. ಸತ್ತವರು ಎದ್ದು ಬಂದಿದ್ದರು, ನಾಯಕನಿಗೆ ಎರಡು ಸಲ ಮರೆವು ಬಡಿದಿತ್ತು. ನಾವು ಐದು ಜನ ಶಿಕ್ಷಕಿಯರು ರೊಟ್ಟಿ ಮುರಿಯುತ್ತ, ಉತ್ತರ ಪತ್ರಿಕೆ ತಿದ್ದುವ ಹಾಗೆ ಅದಕ್ಕೆ ಅಂಕ ಹಾಕುತ್ತಿದ್ದೆವು.

ನನ್ನ ಸಿಟ್ಟೆಲ್ಲ ಹಿರಿಯ ಸೊಸೆಯ ಮೇಲೆ. ಅಳುವಾಗ ಆಕೆಯ ಗಂಟಲು ಒಡೆಯುತ್ತಿತ್ತು, ಮಾತಿನ ಕೊನೆ ಮೂಗಿಗೆ ಏರುತ್ತಿತ್ತು. "ಈಕೆಯನ್ನು ಬದಲಿಸಿ, ಕೇಳಲಾಗುತ್ತಿಲ್ಲ" ಎಂದು ವಾಹಿನಿಯ ಪುಟದಲ್ಲಿ ಬರೆದೆ. ಉಳಿದವರಿಂದಲೂ ಬರೆಸಿದೆ. ಸವಡಿಯಿಂದ ಬರುವ ಗೆಳತಿ ಮಾತ್ರ, "ಹೋಗ್ಲಿ ಬಿಡ್ರಿ, ಪಾಪ, ಆಕಿ ಹೊಟ್ಟಿಪಾಡು," ಎಂದಳು. ಅವಳ ಕೈಯಿಂದ ಫೋನು ಕಸಿದು ಅವಳ ಹೆಸರಲ್ಲೂ ನಾನೇ ಬರೆದು ಒತ್ತಿದೆ.

ನಮ್ಮ ಹಾಗೆ ಬರೆದವರು ಲೆಕ್ಕವಿಲ್ಲದಷ್ಟಿದ್ದರು ಅನ್ನಿ. ಯುಗಾದಿ ಮುಗಿದ ಮೇಲೆ ಹಿರಿಯ ಸೊಸೆಯಾಗಿ ಬೇರೊಬ್ಬ ನಟಿ ಬಂದಳು. ಶಾಲೆಯಲ್ಲಿ ಪೇಢೆ ಹಂಚಿದೆವು.

ಮನೆಯಲ್ಲಿ ಅವ್ವ ಇದ್ದಾಳೆ. ಸಕ್ಕರೆ ಕಾಯಿಲೆ ಅವಳ ಎರಡೂ ಕಣ್ಣು ತಿಂದಿದೆ. ಸಂಜೆ ಏಳಕ್ಕೆ ಟೀವಿ ಮುಂದೆ ಕೂತು, ಬೆರಳ ಅಂದಾಜಿನಲ್ಲೇ ದೀಪದ ಬತ್ತಿ ಹೊಸೆಯುತ್ತ ಧಾರಾವಾಹಿ ಕೇಳುತ್ತಾಳೆ. ಹಿರಿಯ ಸೊಸೆ ಮಾತಾಡಿದರೆ "ಹ್ಞೂಂ" ಅನ್ನುತ್ತಿದ್ದಳು, ಅತ್ತರೆ "ಅಳಬ್ಯಾಡವಾ" ಅನ್ನುತ್ತಿದ್ದಳು. ಅದನ್ನೂ ಶಾಲೆಯಲ್ಲಿ ಹೇಳಿ ನಕ್ಕಿದ್ದೆ.

ಹೊಸಬಳು ಬಂದ ಸಂಜೆ ಅವ್ವನ ಕೈ ನಿಂತಿತು.

"ಈಕಿ ಯಾರವಾ? ಆಕಿ ಎಲ್ಲಿ ಹೋದ್ಲು?"

"ಬದಲಿ ಮಾಡ್ಯಾರವ್ವ. ಈಕಿ ಚಲೋ ಮಾತಾಡ್ತಾಳ."

"ಆಕಿ ಇನ್ನ ಬರಂಗಿಲ್ಲೇನ?"

"ಇಲ್ಲ."

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನರಗುಂದಕ್ಕೆ ಕೊಟ್ಟಿದ್ದ ನನ್ನ ಅಕ್ಕ ಆರು ವರ್ಷದ ಹಿಂದೆ ತೀರಿಕೊಂಡಾಗಲೂ ಅವಳು ಹೀಗೆ ಅತ್ತಿರಲಿಲ್ಲ. ನನಗೆ ರೇಗಿತು.

"ಟೀವಿ ಒಳಗಿನಾಕಿಗೆ ಇಷ್ಟ್ಯಾಕ ಅಳ್ತಿ?" ಅಂದೆ.

"ನಿಮ್ಮಕ್ಕನ ಧ್ವನಿ ಇತ್ತು ಆಕೀದು. ದಿನಾ ಅರ್ಧಾ ತಾಸು ಮನಿಗೆ ಬಂದು ಹೋಗ್ತಿದ್ಲು."

ಸುಮ್ಮನಿರಬಹುದಿತ್ತು, ಆಗಲಿಲ್ಲ. ಬೈಸಿಕೊಂಡರಾದರೂ ಹಗುರಾದೀತೆಂದು, ನಾನು ಬರೆದದ್ದು, ಬರೆಸಿದ್ದು ಎಲ್ಲ ಹೇಳಿಬಿಟ್ಟೆ. ಅವ್ವ ಬೈಯಲಿಲ್ಲ. ನನ್ನ ಕಡೆ ಮುಖ ತಿರುಗಿಸಿ, ನಂಬಲಾಗದವಳಂತೆ ಕೇಳಿದಳು:

"ಮದವಿ ಆಗೂತನಾ ಆಕಿ ಜೋಡಿ ಒಂದ ಹಾಸಿಗ್ಯಾಗ ಮಲಗಿದಾಕಿ ನೀ. ಆಕಿ ಧ್ವನಿ ನಿನಗ ಗುರ್ತ ಸಿಗಲಿಲ್ಲೇನು?"

ಸಿಕ್ಕಿರಲಿಲ್ಲ. ಹಳೆಯ ಕಂತುಗಳನ್ನು ಫೋನಿನಲ್ಲಿ ಹಚ್ಚಿಕೊಡುತ್ತೇನೆಂದರೆ ಅವ್ವ ಬೇಡವೆಂದಳು. ಆಡಿದ ಮಾತನ್ನೇ ಮತ್ತೆ ಆಡುತ್ತಾಳೆ, ಅದನ್ನೇನು ಕೇಳುವುದು ಎಂದಳು. ನಾನೇ ಹಚ್ಚಿಕೊಂಡು, ಕಣ್ಣು ಮುಚ್ಚಿ ಎಷ್ಟೋ ಸಲ ಕೇಳಿದ್ದೇನೆ. ಅಕ್ಕನ ಮುಖ ಬರುತ್ತದೆ. ಅವಳು ಮಾತಾಡುವುದಿಲ್ಲ.