ದಾನೇಶ್ವರಿಯ ಪಾಲು

ದಾನೇಶ್ವರಿಗೆ ಹಾವೆಂದರೆ ಕೈಕಾಲು ತಣ್ಣಗಾಗುತ್ತವೆ. ಚಿತ್ರದಲ್ಲಿ ಕಂಡರೂ ಪುಟ ಮಗುಚಿ ಹಾಕುವ ಹೆಂಗಸು. ಅಂಥವಳು ಹಾವು ಉಳಿಸುವವರ ಫೋನು ಹಿಡಿದು ಕೂತಿದ್ದಾಳೆ ಎಂದರೆ ಅವಳ ಗಂಡ ಆನಂದಕುಮಾರನೇ ಮೊದಮೊದಲು ನಂಬಲಿಲ್ಲ. "ಈಸು ಬರಲಾರದಾಕಿ ದೋಣಿ ನಡಸಾಕ ಹೊಂಟಂಗಾತು" ಎಂದು ನಕ್ಕಿದ್ದ. ನಗಲಿ ಬಿಡಿ, ಗಂಡಂದಿರಿಗೆ ಅಷ್ಟಾದರೂ ಕೆಲಸ ಬೇಡವೇ. ಫೋನಿನೊಳಗಿಂದ ಹಾವು ಬಂದು ಕಚ್ಚುವುದಿಲ್ಲ ಎನ್ನುವುದು ಅವಳ ಧೈರ್ಯವಾಗಿತ್ತು. ಆ ಧೈರ್ಯ ಎಷ್ಟು ಪೊಳ್ಳೆಂದು ತಿಳಿದದ್ದು ಹೋದ ವರ್ಷದ ನಾಗರ ಪಂಚಮಿಯಂದು.

ಅವಳು ಸೇಡಂನವಳು. ಮದುವೆಯಾಗಿ ತೆಲುಗು ಸೀಮೆಯ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿಗೆ ಬಂದಳು, ಆಮೇಲೆ ತಾನೂ ರೈಲ್ವೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆದಳು. ಹಿಂದಿ, ತೆಲುಗು, ಕನ್ನಡ ಮೂರರಲ್ಲೂ ಒಂದೇ ಹದದ ದನಿ. ಆಚೆ ಕಡೆಯವರು ಕೂಗಾಡಿದಷ್ಟೂ ಈಚೆ ಕಡೆ ಮೆತ್ತಗಾಗಬೇಕು, ಲೈನು ಕಡಿಯಗೊಡಬಾರದು ಎನ್ನುವುದು ಆ ನೌಕರಿ ಕಲಿಸಿದ ಪಾಠ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಎಕ್ಸ್‌ಚೇಂಜಿನ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಅವಳೂ ಅವಧಿಗೆ ಮೊದಲೇ ನಿವೃತ್ತಿ ಪಡೆದು ಮನೆಗೆ ಬಂದಳು. ದನಿ ಮಾತ್ರ ಕೆಲಸವಿಲ್ಲದೆ ಗಂಟಲಲ್ಲಿ ಉಳಿದಿತ್ತು.

ಆ ದನಿಗೆ ಕೆಲಸ ಕೊಟ್ಟವರು ಚೆರುವು ಮಂದಿ. ಆ ಬಳಗಕ್ಕೆ ನೋಂದಣಿಯಾದ ಉದ್ದನೆಯ ಹೆಸರೊಂದಿದೆ, ಅದನ್ನು ಪೂರ್ತಿ ಹೇಳಬಲ್ಲವರು ಅಧ್ಯಕ್ಷ ತಿಪ್ಪೇಸ್ವಾಮಿಯವರು ಮಾತ್ರ. ಅದೇ ಪಟ್ಟಣದ ಉಪ್ಪಲ್ ಆಚೆಯ ಒಂದು ಚೆರುವು, ಅಂದರೆ ಕೆರೆ, ರಾತ್ರೋರಾತ್ರಿ ಕಟ್ಟಡದ ಕಸ ತುಂಬಿಸಿಕೊಂಡು ಸೈಟುಗಳಾಗತೊಡಗಿದಾಗ ರಕ್ಷಣಾ ಕಾರ್ಖಾನೆಯಿಂದ ನಿವೃತ್ತರಾಗಿದ್ದ ತಿಪ್ಪೇಸ್ವಾಮಿ ಲಾರಿಗಳ ಮುಂದೆ ಹೋಗಿ ನಿಂತರು. ಅವರು ಭಾಷಣ ಶುರುಮಾಡಿದರೆ ಡ್ರೈವರು ಇಂಜಿನ್ ಆರಿಸಿ ಒಂದು ನಿದ್ದೆ ತೆಗೆಯುತ್ತಿದ್ದನಂತೆ. ಹೇಗೋ ಅರ್ಧ ಕೆರೆ ಉಳಿಯಿತು. ಮುಚ್ಚಿಹೋದ ಇನ್ನರ್ಧದ ಹಾವುಗಳು ಎಲ್ಲಿಗೆ ಹೋಗಬೇಕು? ಅವುಗಳ ಮನೆಗೆ ನಾವು ನುಗ್ಗಿ, ಅವು ನಮ್ಮ ಮನೆಗೆ ಬಂದವೆಂದು ಬೊಬ್ಬೆ ಹೊಡೆದೆವು. ಹಾಗಾಗಿ ಬಳಗಕ್ಕೆ ಹಾವು ಹಿಡಿಯುವವನೊಬ್ಬ ಬೇಕಾದ. ಬೀದರ್ ಕಡೆಯ ಬೈಕ್ ಮೆಕ್ಯಾನಿಕ್ ಅಂಬಾದಾಸ ಅರಣ್ಯ ಇಲಾಖೆಯಿಂದ ಅನುಮತಿ ಪಡೆದು ಆ ಕೆಲಸ ಹೊತ್ತುಕೊಂಡ. ದಾನೇಶ್ವರಿ ಫೋನು ಹೊತ್ತುಕೊಂಡಳು.

ಕರೆ ಬಂದ ಕೂಡಲೇ ಹಾವು ಎಲ್ಲಿದೆ ಎಂದು ಅವಳು ಕೇಳುತ್ತಿರಲಿಲ್ಲ. "ಕೋಲು ಯಾರ ಹಿಡಿದಾರ?" ಎಂದು ಕೇಳುತ್ತಿದ್ದಳು. ಕೋಲು ಕೆಳಗಿಟ್ಟರೆ ಅರ್ಧ ಗಂಡಾಂತರ ಕಳೆದಂತೆ. ಹಾವಿಗೂ ಸರಿ, ಮನುಷ್ಯನಿಗೂ ಸರಿ. ಕಚ್ಚಿಸಿಕೊಂಡವರಲ್ಲಿ ಹೆಚ್ಚಿನವರು ಹೊಡೆಯಲು ಹೋದವರೇ ಎಂದು ಅಂಬಾದಾಸ ಹೇಳುತ್ತಿದ್ದ. ಆ ಒಂದು ಪ್ರಶ್ನೆ ಅವಳ ಕೈ ಯಾವತ್ತೂ ಬಿಟ್ಟಿರಲಿಲ್ಲ.

ಪಂಚಮಿಯ ಬೆಳಿಗ್ಗೆ ಅಂಬಾದಾಸ ಬೇಗಂಪೇಟೆಗೆ ಹೋಗಿದ್ದ. ಹಬ್ಬದ ದಿನ ಬುಟ್ಟಿಯಲ್ಲಿ ನಾಗರಹಾವು ಹೊತ್ತು ಮನೆಮನೆ ತಿರುಗುವ ಹಾವಾಡಿಗರಿಂದ ಹಾವು ಬಿಡಿಸಿಕೊಳ್ಳಲು ಇಲಾಖೆಯವರು ಅವನನ್ನು ಕರೆದಿದ್ದರು. ಇತ್ತ ದಾನೇಶ್ವರಿ ಒಪ್ಪತ್ತು ಹಿಡಿದು, ಮಣ್ಣಿನ ನಾಗಪ್ಪನನ್ನು ಮಣೆಯ ಮೇಲೆ ಕೂರಿಸಿ, ಬಟ್ಟಲಲ್ಲಿ ಹಾಲಿಟ್ಟುಕೊಂಡಿದ್ದಳು. ಮಣ್ಣಿನ ಹಾವಿಗೆ ಅವಳು ಹೆದರುವುದಿಲ್ಲ, ಅಷ್ಟರ ಮಟ್ಟಿಗೆ ಶೂರಳೇ.

ಹಾಲೆರೆಯುವಾಗ ಮನೆಯವರೆಲ್ಲರ ಪಾಲು ಹೇಳಬೇಕು. ಮಾವನ ಪಾಲು, ಅತ್ತೆಯ ಪಾಲು, ಗಂಡನ ಪಾಲು ಎಂದು ಒಬ್ಬೊಬ್ಬರ ಹೆಸರಿಗೂ ಒಂದೊಂದು ಹನಿ. ಅವಳ ತವರಿನ ರೂಢಿಯಲ್ಲಿ ಎರೆಯುವವಳು ತನ್ನ ಪಾಲನ್ನು ತಾನೇ ಹೇಳಿಕೊಳ್ಳುವಂತಿಲ್ಲ, ಜೊತೆಗೆ ಎರೆಯುವ ಇನ್ನೊಬ್ಬಾಕೆ ಹೇಳಬೇಕು. ಅವ್ವ ಇರುವತನಕ ಪಂಚಮಿಗೆ ಅಣ್ಣ ರೈಲು ಹತ್ತಿ ಬಂದು, ಬೇಗಂಪೇಟೆಯಲ್ಲಿ ಇಳಿದು, ತಂಗಿಯನ್ನು ಕರೆದುಕೊಂಡು ಹೋಗುತ್ತಿದ್ದ. ಅವ್ವ ಹುತ್ತದ ಮುಂದೆ ಕೂತು "ನಮ್ಮ ದಾನೇಶ್ವರಿ ಪಾಲು" ಅನ್ನುತ್ತಿದ್ದಳು. ಅವ್ವ ಹೋದಳು. ಅಣ್ಣ ಈಗ ಹಬ್ಬಕ್ಕೊಂದು ಹೂ ಮುಡಿಸಿದ ನಾಗರಹಾವಿನ ಚಿತ್ರ ಫೋನಿಗೆ ಕಳಿಸುತ್ತಾನೆ, ಅದನ್ನು ಅವಳು ಕಣ್ಣು ಮುಚ್ಚಿ ಮೇಲಕ್ಕೆ ತಳ್ಳುತ್ತಾಳೆ. ಅವಳ ಪಾಲು ಹೇಳುವವರು ಈಗ ಯಾರೂ ಇಲ್ಲ. ಅದು ಅವಳಿಗೆ ವರ್ಷಕ್ಕೊಮ್ಮೆ ಚುಚ್ಚುವ ನೋವು, ಯಾರ ಮುಂದೆಯೂ ಆಡಿದವಳಲ್ಲ.

ಬಟ್ಟಲಿಗೆ ಕೈಹಾಕುವಷ್ಟರಲ್ಲಿ ಫೋನು ಬಂತು. ಮೊದಲು ಹಿಂದಿ, ಅವಳ ಉಚ್ಚಾರ ಕೇಳಿದ ಮೇಲೆ ಕನ್ನಡ. ಯಾದಗಿರಿ ಕಡೆಯ ಚಂದ್ರಾಮ, ಉಪ್ಪಲ್‌ನಲ್ಲಿ ಏಳುತ್ತಿರುವ ಕಟ್ಟಡವೊಂದರ ಗಾರೆಯವನು. ಕೂಲಿಕಾರರ ತಗಡಿನ ಶೆಡ್ಡಿನಲ್ಲಿ ನಾಗರಹಾವು ಬಂದಿತ್ತು.

"ಕೋಲು ಯಾರ ಹಿಡಿದಾರ?"

"ಯಾರೂ ಹಿಡಿದಿಲ್ರಿ ಅಕ್ಕಾರ. ಎಲ್ಲಾರೂ ಕೈಮುಗದು ನಿಂತಾರ."

"ಭಾಳ ಛಲೋ ಆತು. ಹಂಗೇ ನಿಂದರ್ರಿ, ನಮ್ಮವ ಬರತಾನ" ಎಂದಳು. ಅಂಬಾದಾಸನಿಗೆ ತಿಳಿಸಿದಳು. ಆತ ಅಲ್ಲಿಂದಲೇ ಬೈಕು ತಿರುಗಿಸಿದ. ದಾನೇಶ್ವರಿ ಸಮಾಧಾನದಿಂದ ಬಂದು ಮಣೆಯ ಮುಂದೆ ಕೂತು, ನಾಗಪ್ಪನಿಗೆ ಕೈಮುಗಿದಳು.

ಮುಗಿದ ತನ್ನ ಕೈ ತಾನೇ ನೋಡಿಕೊಂಡಳು.

ಇವತ್ತು ಪಂಚಮಿ. ಇವತ್ತು ಕೋಲು ಹಿಡಿಯುವವರು ಯಾರು? ಹಾಲು ಹಿಡಿಯುವವರೇ ಎಲ್ಲ. ಅಂಥವರಿಗೆ ತಾನು ಹಂಗೇ ನಿಂದರ್ರಿ ಎಂದಿದ್ದೇನೆ. ಕೊಲ್ಲುವವರನ್ನು ತಡೆಯುವ ಮಾತು ಅವಳಿಗೆ ಬಾಯಿಪಾಠವಾಗಿತ್ತು, ಪೂಜಿಸುವವರನ್ನು ತಡೆಯುವ ಮಾತೇ ಅವಳಲ್ಲಿ ಇರಲಿಲ್ಲ. ಮತ್ತೆ ಚಂದ್ರಾಮನಿಗೆ ಫೋನು ಹಚ್ಚಿದಳು.

"ಶೆಡ್ಡಿನ ಒಳಗ ಯಾರರ ಅದಾರೇನಪಾ?"

"ನನ್ನ ಮಗಳು ಅದಾಳ್ರಿ. ಜೋಳಗಿಯಾಗ ಮಲಗ್ಯಾಳ. ಹೆಣತಿ ಮ್ಯಾಲ ಸ್ಲ್ಯಾಬಿನ ಕೆಲಸದಾಗ ಅದಾಳ. ನಮ್ಮವ್ವ ಬಾಗಲದಾಗ ನಿಂತು ಹಗ್ಗ ಜಗ್ಗಿ ತೂಗಾಕತ್ತಾಳ. ನಾಗಪ್ಪ ಜೋಳಗಿ ಬಾಜೂಕ ಹೆಡಿ ಎತ್ಯಾನ. ಜೋಳಗಿ ಆಡಿದಂಗ ತಾನೂ ಆಡಾಕತ್ತಾನ್ರಿ ಅಕ್ಕಾರ!"

ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ. ಹೆಮ್ಮೆ ಇತ್ತು. ಹಿಂದೆ ಹೆಂಗಸರ ಗದ್ದಲ, ಊದಿನಕಡ್ಡಿ ತಾ, ಅರಿಷಿಣ ತಾ, ಹಾಲಿನ ತಂಬಿಗಿ ಮುಂದ ಕೊಡು. ದಾನೇಶ್ವರಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಒಂದೇ ಬಾಗಿಲಿನ ತಗಡಿನ ಗೂಡು, ಬಾಗಿಲ ತುಂಬ ಜನ, ಒಳಗೆ ನೆಲ ಮುಟ್ಟುವಷ್ಟು ಕೆಳಗೆ ತೂಗುವ ಸೀರೆಯ ಜೋಳಿಗೆ. ಹಾವು ಆಡುತ್ತಿರುವುದು ಆಟವಲ್ಲ, ಅಲುಗುವ ಜೋಳಿಗೆಗೆ ಗುರಿ ಹಿಡಿಯುತ್ತಿದೆ. ಹೋಗಲು ದಾರಿಯಿಲ್ಲದ ಹಾವು ಇನ್ನೇನು ಮಾಡೀತು?

ದೂರ ಸರೀರಿ ಎಂದು ಕಿರುಚಬೇಕೆನಿಸಿತು. ಕಿರುಚಲಿಲ್ಲ. ಸೈಟಿನ ಸೂಪರ್ವೈಸರು ಹಾಗೆ ಕಿರುಚಿ, ಹಬ್ಬದ ದಿನ ದೇವರನ್ನು ಬೈದನೆಂದು ಮುದುಕಿಯ ಬಾಯಿಗೆ ಸಿಕ್ಕು ಓಡಿಹೋದನೆಂದು ಚಂದ್ರಾಮ ಅದೇ ಹೆಮ್ಮೆಯಲ್ಲಿ ಹೇಳಿದ್ದ. ಹಾವು ಹಾಲು ಕುಡಿಯುವುದಿಲ್ಲ ಎಂದು ಪಾಠ ಹೇಳಿದರೆ ಫೋನು ಕಟ್ಟಾಗುತ್ತದೆ, ಅಲ್ಲಿಗೆ ಮುಗಿಯಿತು.

"ಚಂದ್ರಾಮ, ಫೋನಿನ ಸ್ಪೀಕರ್ ಹಚ್ಚಿ ನಿಮ್ಮವ್ವನ ಕಿವಿ ಹಂತೇಕ ಹಿಡಿ. ಆಕಿ ಹೆಸರೇನು?"

"ಬಂಡೆಮ್ಮ."

"ಬಂಡೆಮ್ಮವ್ವಾ, ನಾನು ಸೇಡಂದಾಕಿ. ಇವತ್ತ ಒಪ್ಪತ್ತು ಹಿಡದೀನಿ. ಇನ್ನಾ ಹಾಲೆರದಿಲ್ಲ."

"ಹೌದನ ತಂಗಿ? ನಮ್ಮ ಮನಿಗಿ ದೇವರೇ ನಡಕೋತ ಬಂದಾನ ನೋಡು. ಎಷ್ಟೋ ಹರಕಿ ಹೊತ್ತ ಮ್ಯಾಲ ಹುಟ್ಟಿದ ಕೂಸು. ಹೆಸರು ಇನ್ನಾ ಇಟ್ಟಿಲ್ಲ, ಅಷ್ಟರಾಗ ನೋಡಾಕ ಬಂದಾನ. ಹಾಲು ಕುಡಿಸೇ ಕಳಸತೀನಿ."

"ಬ್ಯಾಡ ಅನ್ನೂದಿಲ್ಲವ್ವಾ. ಆದ್ರ ಬಂದ ಬೀಗರನ್ನ ಬಾಗಲಾ ಅಡ್ಡಗಟ್ಟಿ ನಿಂದರಿಸಿ ಊಟಕ್ಕ ನೀಡತಾರೇನು?"

ಬಿದಿರಿಗೆ ಜೋಳಿಗೆಯ ಹಗ್ಗ ಉಜ್ಜುವ ಕಿರ್ ಕಿರ್ ಆಚೆಯಿಂದ ಕೇಳುತ್ತಿತ್ತು.

"ನಿಮ್ಮೂರಾಗ ಹಾಲು ಎಲ್ಲಿ ಎರೀತೀರವ್ವಾ? ಮನ್ಯಾಗೋ, ಹುತ್ತಕ್ಕೋ?"

"ಹುತ್ತಕ್ಕ. ಇಲ್ಲಿ ಹುತ್ತ ಎಲ್ಲೈತಿ ತಂಗಿ, ಬರೇ ಸಿಮೆಂಟು."

"ಪಾಯಾ ತಗದ ಮಣ್ಣಿನ ಗುಡ್ಡಿ ಇಲ್ಲೇನು?"

"ಐತಿ. ಶೆಡ್ಡಿನ ಎದುರಿಗೇ, ಬೇವಿನ ಗಿಡದ ಬುಡಕ."

"ನೆಲದಾಗಿಂದ ತಗದ ಮಣ್ಣು ಅವನ ಮನಿ ಮಣ್ಣೇ ಅಲ್ಲೇನವ್ವಾ? ಎಲ್ಲಾರೂ ಅಲ್ಲಿಗಿ ನಡೀರಿ, ಸದ್ದು ಮಾಡದಂಗ. ನಾನೂ ಇಲ್ಲಿಂದ ಎರೀತೀನಿ, ಕೂಡೇ ಪಾಲು ಹೇಳೂಣು. ಮೊದಲ ಕೈಯಾಗಿನ ಹಗ್ಗ ಬಿಡು. ಒಮ್ಮೆಲೇ ಬಿಡಬ್ಯಾಡ, ಸಣ್ಣಗ ತೂಗಿ ತೂಗಿ ನಿಲ್ಲಸು."

"ನಿಂತರ ಕೂಸು ಏಳತೈತಲ್ಲ."

ಅದೇ ದಾನೇಶ್ವರಿಯ ಪ್ರಶ್ನೆಯೂ ಆಗಿತ್ತು. ತೂಗಿದರೆ ಹಾವು ಹೊಡೆಯುತ್ತದೆ. ತೂಗದಿದ್ದರೆ ಕೂಸು ಎದ್ದು ಕಾಲು ಬಡಿಯುತ್ತದೆ, ಆಗಲೂ ಹೊಡೆಯುತ್ತದೆ. ಅತ್ತ ದರಿ, ಇತ್ತ ಪುಲಿ. ಅಂಬಾದಾಸನನ್ನು ಕೇಳೋಣವೆಂದರೆ ಈ ಲೈನು ಕಡಿಯಬೇಕು. ಕಂಡವರ ಕೂಸಿನ ಜೀವದ ಮೇಲೆ ತೀರ್ಪು ಕೊಡಲು ತಾನು ಯಾರು ಎಂದು ಅವಳಿಗೆ ಅಳು ಬಂತು. ಆದರೂ ಬಾಯಿಂದ ಬಂದ ದನಿ ಎಕ್ಸ್‌ಚೇಂಜಿನದೇ.

"ಏಳೂದಿಲ್ಲ. ನಿಲ್ಲಸವ್ವಾ."

ಕಿರ್ ಕಿರ್ ಸದ್ದು ನಿಧಾನವಾಯಿತು. ಇನ್ನೂ ನಿಧಾನವಾಯಿತು. ನಿಂತಿತು. ಕೂಸಿನ ಅಳು ಕೇಳಿಸಲಿಲ್ಲ. ಹತ್ತಾರು ಕಾಲುಗಳು ಮರಳಿನ ಮೇಲೆ ಸರಿದ ಸದ್ದು ಕೇಳಿತು.

"ಎಲ್ಲಾರೂ ಗಿಡದ ಬುಡಕ ಬಂದ್ವಿ ತಂಗಿ."

"ದೇವರ ಪಾಲು" ಎಂದು ದಾನೇಶ್ವರಿ ತನ್ನ ಮಣ್ಣಿನ ನಾಗಪ್ಪನಿಗೆ ಹನಿ ಬಿಟ್ಟಳು. ಆಚೆ ಹೆಂಗಸರೆಲ್ಲ ಕೂಡಿ "ದೇವರ ಪಾಲು" ಎಂದರು. ಗುರುವಿನ ಪಾಲು, ಹಿರಿಯರ ಪಾಲು. ಹೀಗೆ ಒಂದೊಂದನ್ನೂ ಎಳೆದೆಳೆದು, ಆತುರವಿಲ್ಲದಂತೆ ಹೇಳಿಸಿದಳು. ಗದಿಗೆಮ್ಮನೆಂಬಾಕೆ ತನ್ನ ಮನೆಯ ಸತ್ತವರು, ಇದ್ದವರು, ಮುನಿಸಿಕೊಂಡವರು ಎಲ್ಲರ ಪಾಲೂ ಹೇಳತೊಡಗಿದಳು. ಹೇಳು ತಾಯಿ, ನಿನ್ನ ಬಳಗ ಇನ್ನೂ ದೊಡ್ಡದಿರಲಿ ಎಂದು ದಾನೇಶ್ವರಿ ಮನಸ್ಸಿನಲ್ಲೇ ಹರಸಿದಳು. ನಡುನಡುವೆ ಚಂದ್ರಾಮ ಪಿಸುಗುಡುತ್ತಿದ್ದ. ಈಗ ಅವನ ದನಿಯಲ್ಲಿ ಹೆಮ್ಮೆ ಇರಲಿಲ್ಲ.

"ಹೆಡಿ ಇಳಿಸ್ಯಾನ್ರಿ... ಅಕ್ಕಾರ, ಜೋಳಗಿ ಕೆಳಗ ಹೊಂಟಾನ."

ಅದೇ ಹೊತ್ತಿಗೆ ಕೂಸು ಕುಂಯ್ ಎಂದಿತು. ಫೋನಿನಲ್ಲಿ ಕೇಳಿದ ಆ ಸಣ್ಣ ಸದ್ದಿಗೆ ದಾನೇಶ್ವರಿಯ ಬಟ್ಟಲು ವಾಲಿ ಹಾಲು ಮಡಿಲಿಗೆ ಚೆಲ್ಲಿತು. ಪಾಲು ಹೇಳುವ ದನಿಗಳು ಕಡಿದವು. ಬಂಡೆಮ್ಮ "ಯವ್ವಾ ನನ್ನ ಕೂಸು" ಎಂದು ಏಳುತ್ತಿದ್ದುದು ಕೇಳಿಸಿತು.

"ಕುಂದ್ರವ್ವಾ! ಚಂದ್ರಾಮ, ಆಕೀನ ಹಿಡಿ. ನೀ ಓಡಿದರ ಅವ ಹೆದರತಾನ. ದಾರಿ ಬಿಟ್ಟೀರಿ, ಹೋಗಲಿ. ಪಾಲು ನಿಲ್ಲಸಬ್ಯಾಡ್ರಿ. ಕೂಸಿನ ಪಾಲು ಹೇಳವ್ವಾ, ಕೂಸಿಂದು ಇನ್ನಾ ಹೇಳಿಲ್ಲಲ್ಲ!"

"ಕೂಸಿನ ಪಾಲು" ಎಂದಳು ಬಂಡೆಮ್ಮ. ದನಿ ಒಡೆದಿತ್ತು. "ಕೂಸಿನ ಪಾಲೋ ನನ್ನಪ್ಪಾ. ಕೂಸಿನ ಪಾಲು, ಕೂಸಿನ ಪಾಲು..."

ಅದನ್ನೇ ಹೇಳುತ್ತಾ ಹೋದಳು. ದಾನೇಶ್ವರಿಯೂ ಖಾಲಿ ಬಟ್ಟಲು ಹಿಡಿದು ಅದನ್ನೇ ಹೇಳುತ್ತಾ ಹೋದಳು. ಎಷ್ಟು ಹೊತ್ತೋ ದೇವರೇ ಬಲ್ಲ.

"ಹೊರಗ ಬಂದ್ರಿ" ಎಂದ ಚಂದ್ರಾಮ. "ಬಾಗಲಾ ದಾಟಿದ. ಗ್ವಾಡಿ ಹಿಡದು ಪೈಪಿನ ರಾಶಿಯಾಗ ಹೊಕ್ಕ." ಆಮೇಲೆ ಅವನ ಕಾಲ ಸದ್ದು ಶೆಡ್ಡಿನ ಕಡೆ ಓಡಿತು. ಆಮೇಲೆ ಕೂಸು ಜೋರಾಗಿ, ಆರೋಗ್ಯವಾಗಿ ಅತ್ತಿತು. ಅಂಥ ಇಂಪಾದ ಅಳುವನ್ನು ದಾನೇಶ್ವರಿ ಜನ್ಮದಲ್ಲಿ ಕೇಳಿರಲಿಲ್ಲ.

ಅಂಬಾದಾಸ ಬೆವರು ಸುರಿಸುತ್ತ ತಲುಪಿದಾಗ ಮಾಡಲು ಉಳಿದದ್ದು ಪೈಪಿನೊಳಗಿಂದ ಹಾವನ್ನು ಚೀಲಕ್ಕೆ ಇಳಿಸುವುದಷ್ಟೇ. ಇಲಾಖೆಯವರು ಗೊತ್ತುಮಾಡಿದ ಕಾಡಿಗೆ ಅದನ್ನು ಅವತ್ತೇ ಮುಟ್ಟಿಸಿದ. ಹೊರಡುವ ಮುನ್ನ ಹೆಂಗಸರೆಲ್ಲ ಚೀಲಕ್ಕೇ ಅರಿಷಿಣ ಹಚ್ಚಿ ಕಳಿಸಿದರಂತೆ. ಇದನ್ನೆಲ್ಲ ಅವನು ಆಮೇಲೆ ಹೇಳಿದ್ದು. ದಾನೇಶ್ವರಿ ಆಗ ಮಣೆಯ ಮುಂದೆ, ಹಾಲಲ್ಲಿ ನೆನೆದ ಸೀರೆಯಲ್ಲಿ, ಕೂತೇ ಇದ್ದಳು. ಹಂಗೇ ನಿಂದರ್ರಿ ಎಂದ ತನ್ನ ಮಾತನ್ನೇ ಮತ್ತೆಮತ್ತೆ ನೆನೆಯುತ್ತಿದ್ದಳು.

ಫೋನು ಮತ್ತೆ ಬಂತು. ಚಂದ್ರಾಮನ ನಂಬರು. ಮಾತಾಡಿದವಳು ಬಂಡೆಮ್ಮ.

"ತಂಗಿ, ನಿನ್ನ ಹೆಸರೇನು?"

"ಯಾಕವ್ವಾ?"

"ಊರ ಮಂದೀದೆಲ್ಲಾ ಪಾಲು ಹೇಳಿಸಿದಿ, ನಿಂದೇ ಹೇಳಲಿಲ್ಲ. ತಂಬಿಗ್ಯಾಗ ಇನ್ನಾ ಹಾಲೈತಿ. ಗಿಡದ ಬುಡಕೇ ಕುಂತೀನಿ, ಲಗು ಹೇಳು."

ಲೈನು ಕಡಿಯಗೊಡದ ಆಪರೇಟರಿಗೆ ತನ್ನ ಹೆಸರು ಹೇಳಲು ಬಹಳ ಹೊತ್ತು ಹಿಡಿಯಿತು. ಹೇಳಿದಳು.

"ನಮ್ಮ ದಾನೇಶ್ವರಿ ಪಾಲು" ಎಂದಳು ಬಂಡೆಮ್ಮ. ಮಣ್ಣಿನ ಮೇಲೆ ಹಾಲು ಬಿದ್ದ ಸದ್ದೇನೂ ಫೋನಿನಲ್ಲಿ ಕೇಳುವುದಿಲ್ಲ. ಆದರೂ ದಾನೇಶ್ವರಿಗೆ ಕೇಳಿಸಿತು.

ಹೆಂಡತಿ ಗಟ್ಟಿಯಾಗಿ ಅಳುವುದನ್ನು ಕೇಳಿ ಆನಂದಕುಮಾರ ಒಳಗಿನಿಂದ ಓಡಿಬಂದ. ಚೆಲ್ಲಿದ ಹಾಲು, ಕೈಯಲ್ಲಿ ಫೋನು ನೋಡಿ ಅವನ ಮುಖ ಇಳಿಯಿತು.

"ಏನಾತು? ಯಾರಿಗರ ಕಚ್ಚಿತೇನು? ಯಾರದು ಫೋನು?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ತವರುಮನಿಯಿಂದರಿ" ಎಂದಳು.