ಮುಂದಿನ ಗಾಲಿಯ ಮುಳ್ಳು

ಪಡುಗಡಲಿನಿಂದ ಮೂಡಗಡಲಿನವರೆಗೆ ಸೈಕಲ್ ತುಳಿದೇ ಹೋದೆ, ಒಂದು ಮಾರು ದೂರವನ್ನೂ ಬೇರೆ ಗಾಡಿಯಲ್ಲಿ ದಾಟಲಿಲ್ಲ ಎಂದು ನಾಲ್ಕು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ನನಗೂ ನಂಬಿಕೆ ಬಂದಿದೆ. ಡೈರಿಯೂ ನನ್ನ ಪರವೇ ಇದೆ: ‘ಜತ್ತದಿಂದ ಮುಚ್ಚಂಡಿ. ಪಂಕ್ಚರ್. ತಳ್ಳಿಕೊಂಡು ಹೋದೆ.’ ಆ ಡೈರಿ ಬರೆದವನನ್ನು ನಾನು ಬಲ್ಲೆ. ಸಂಜೆ ಚಹಾ ಕುಡಿದು ಬರೆಯಲು ಕೂರುತ್ತಿದ್ದ. ಅಷ್ಟೊತ್ತಿಗೆ ಹಗಲಿನ ಏರುಗಳೆಲ್ಲ ತಗ್ಗಿರುತ್ತಿದ್ದವು.

ಅಂದು ಬೆಳಿಗ್ಗೆ ಗಾಳಿ ಬೆನ್ನಿಗಿತ್ತು. ಅದನ್ನು ನನ್ನ ಕಾಲಿನ ಬಲವೆಂದು ತಿಳಿದಿದ್ದೆ. ಜತ್ತ ದಾಟಿದ ಮೇಲೆ ಹಿಂದಿನ ಗಾಲಿಗೆ ಜಾಲಿಮುಳ್ಳು ಹೊಕ್ಕಿತು. ತೇಪೆ ಹಚ್ಚಿ, ಗಾಳಿ ತುಂಬಿ, ಎರಡು ಫರ್ಲಾಂಗ್ ಹೋಗಿ ಮತ್ತೆ ಇಳಿದೆ. ಮತ್ತೆ ಹಚ್ಚಿದೆ, ಮತ್ತೆ ಇಳಿದೆ. ಉಳಿದದ್ದು ಒಂದೇ ತೇಪೆ.

ಪಕ್ಕದಲ್ಲಿ ಕುರಿ ಮೇಯಿಸುತ್ತಿದ್ದ ಹೆಂಗಸೊಬ್ಬಳು ಬಂದು ಟೈರು ಇಸಿದುಕೊಂಡಳು. ಕುರಿಯ ಗೊರಸು ಸವರುವ ಹಾಗೆ ಒಳಗೆಲ್ಲ ಬೆರಳಾಡಿಸಿದಳು. ಸೊಂಟದ ಚೀಲದಿಂದ ಚಿಮಟ ತೆಗೆದು, ಸಾಸಿವೆಯಷ್ಟು ಮುಳ್ಳಿನ ತುದಿ ಕಿತ್ತು ನನ್ನ ಅಂಗೈಗಿಟ್ಟಳು. ಅಷ್ಟೂ ಪಂಕ್ಚರಿಗೆ ಅದೊಂದೇ ಕಾರಣ. ಕೊನೆಯ ತೇಪೆ ಹಚ್ಚಿದೆ. ಗಾಲಿಯಲ್ಲಿ ಗಾಳಿ ನಿಂತಿತು.

ಆಗಲೇ ಹೊರಡಬೇಕಿತ್ತು. ಆದರೆ ಒಂದು ಕಾಲಲ್ಲಿ ಮುಳ್ಳು ಸಿಕ್ಕರೆ ಉಳಿದ ಕಾಲುಗಳನ್ನೂ ನೋಡದೆ ಕುರಿಯನ್ನು ಬಿಡುವುದು ಕುರಿ ಕಾಯುವವರಲ್ಲಿಲ್ಲ. ಮುಂದಿನ ಗಾಲಿ ತಿರುಗಿಸಿದಳು. ಅಲ್ಲೂ ಒಂದಿತ್ತು.

“ಅದು ಇರ್ಲಿ ಬಿಡ್ರಿ ಅವ್ವಾ. ತಗದ್ರ ಗಾಳಿ ಹೋಗ್ತೈತಿ, ತ್ಯಾಪಿ ಮುಗದಾವ.”

“ಒಳಗ ಬಿಟ್ರ ಕೀವಾಗ್ತೈತಿ, ತಮ್ಮಾ,” ಎಂದವಳೇ ಕಿತ್ತಳು.

ಗಾಳಿ ಸುಯ್ಯೆಂದು ಹೋಯಿತು. ಅವಳ ಮುಖದಲ್ಲಿ ಮಾತ್ರ ಕೀವು ಹೊರಬಂದಾಗಿನ ಸಮಾಧಾನವಿತ್ತು.

ಮುಚ್ಚಂಡಿಯಲ್ಲಿ ಸೈಕಲ್ ಅಂಗಡಿ ಇದೆ, ನಾಲ್ಕು ಕಿಲೋಮೀಟರ್, ಕುಂಟುವ ಮರಿಯೊಂದನ್ನು ಒಯ್ಯಲು ತನ್ನ ಅಣ್ಣ ಟೆಂಪೊ ತರುತ್ತಾನೆ, ಸೈಕಲನ್ನೂ ಏರಿಸು ಎಂದಳು. ನಾನು ನನ್ನ ಪಣ ವಿವರಿಸಿದೆ. ಎರಡು ಸಮುದ್ರ, ನಡುವೆ ತುಳಿತ, ತುಳಿತವಷ್ಟೇ. ಕುರಿಗಳೂ ತಲೆಯೆತ್ತಿ ಕೇಳಿದವು ಎಂದು ನೆನಪು. ಇದನ್ನು ಈಗ ಸೇರಿಸಿದೆನೋ ಏನೋ. ಅವಳು ಪೂರ್ತಿ ಕೇಳಿ, ದನಿ ಏರಿಸದೆ ಅಂದಳು:

“ಕುಂಟೋ ಕುರಿನ ನಾವು ಹೆಗಲ ಮ್ಯಾಲ ಹೊತ್ತು ತರ್ತೀವಿ. ನಡದ ಬಂದಿಲ್ಲ ಅಂತ ಯಾರರ ಅದನ್ನ ಹಟ್ಟಿಗಿ ಸೇರಿಸೂದಿಲ್ಲೇನು?”

ಅಷ್ಟರಲ್ಲಿ ಟೆಂಪೊ ಬಂತು. ಅಣ್ಣ ನನ್ನನ್ನು ಕೇಳಲಿಲ್ಲ. ಮೊದಲು ಮರಿಯನ್ನು, ಆಮೇಲೆ ಸೈಕಲನ್ನು ಎತ್ತಿ ಹಾಕಿದ. ಮೂರನೆಯವನಾಗಿ ನಾನೇ ಹತ್ತಿದೆ. ದಾರಿಯುದ್ದಕ್ಕೂ ಮರಿ ನನ್ನ ಸೈಕಲಿನ ಸೀಟಿನ ಮೇಲೆ ಗದ್ದವಿಟ್ಟು ಮಲಗಿತ್ತು.

ಇವತ್ತು ಡೈರಿ ತೆಗೆದು ‘ತಳ್ಳಿಕೊಂಡು ಹೋದೆ’ ಎಂಬುದಕ್ಕೆ ಗೀಟು ಎಳೆದಿದ್ದೇನೆ. ಪಕ್ಕದಲ್ಲಿ ಬರೆದದ್ದು: ‘ಹೊತ್ತುಕೊಂಡು ಹೋದರು. ನಾಲ್ಕು ಕಿಲೋಮೀಟರ್. ಜೊತೆಗೆ ಮರಿ.’